ಜೀವ ಇರುವ ಕಣಜ ಕೊಡಿ: ತೋಟಗಾರಿಕೆ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ, ನಮಸ್ಕಾರ.

ನಾನೊಬ್ಬ ತೆಂಗು ಬೆಳೆಗಾರ. ತೆಂಗಿನ ಗರಿಯ ಹಸಿರು ತಿನ್ನುವ ಕಪ್ಪುತಲೆ ಹುಳು ಅಂದರೇನು ಅಂತ ನಿಮಗೆ ಹೇಳಬೇಕಿಲ್ಲ. ಆ ಹುಳಕ್ಕೆ ಚುಚ್ಚಿ, ಅದರ ಮೈಮೇಲೇ ಮೊಟ್ಟೆ ಇಟ್ಟು ಮುಗಿಸುವ ಗೋನಿಯೋಜಸ್ ಅನ್ನುವ ಪರೋಪಜೀವಿ ಕೀಟವನ್ನು, ಅಂದರೆ ಕಣಜವನ್ನು, ಸಾಕಿ ರೈತರಿಗೆ ಕೊಡಬೇಕಾದ್ದು ಇಲಾಖೆ ಅನ್ನುವುದೂ ನಿಮಗೆ ಗೊತ್ತು. ಮರಕ್ಕೆ 15ರಿಂದ 20 ಕಣಜ, ಹದಿನೈದು ದಿನಕ್ಕೊಮ್ಮೆ, ನಾಲ್ಕು ಸಲ. ನಿಮ್ಮವರು ಹಂಚಿದ ಕರಪತ್ರದಲ್ಲೇ ಇದೆ.

ಕರಪತ್ರ ಧಾರಾಳವಾಗಿ ಸಿಗುತ್ತದೆ. ಕಣಜ ಸಿಗುವುದಿಲ್ಲ.

ನನ್ನ ತೋಟ ಈಗ ದೂರದಿಂದಲೇ ಕೆಂಪಗೆ ಕಾಣುತ್ತದೆ. ಗರಿ ಮಗುಚಿದರೆ ನೂಲು, ಹಿಕ್ಕೆ ಸೇರಿಸಿ ಕಟ್ಟಿದ ಕೊಳವೆ. ಅದರೊಳಗೆ ಕೂತು ಹುಳ ಹಸಿರನ್ನೆಲ್ಲ ಕೆರೆದು ತಿನ್ನುತ್ತದೆ. ಸುಳಿ ಹತ್ತಿರದ ನಾಲ್ಕು ಗರಿ ಬಿಟ್ಟರೆ ಮಿಕ್ಕಿದ್ದು ಒಲೆಗೇ ಸರಿ. ಕೊಬ್ಬರಿಗೆ ಒಳ್ಳೆ ರೇಟು ಬಂದ ಹೊತ್ತಿಗೆ ನಮ್ಮ ಅಟ್ಟ ಖಾಲಿ.

ಹೋದ ಬೇಸಿಗೆಯಲ್ಲಿ ಕಡೆಗೂ ಕಣಜ ಬಂದವು. ಬಂದ ತಕ್ಷಣ ಹಂಚಬಹುದಿತ್ತು, ಅಲ್ವಾ? ಇಲ್ಲ, ಗಣ್ಯರು ಬರಬೇಕಂತೆ. ಡಬ್ಬಿಗಳನ್ನು ಬಿಸಿಲಿನಲ್ಲಿ ನಿಂತ ಜೀಪಿನೊಳಗೇ ಬಿಟ್ಟು ಎಲ್ಲರೂ ಶಾಮಿಯಾನದಡಿ ಕೂತರು. ಹಾರ, ಶಾಲು, ಉಪಕಾರಿ ಕೀಟಗಳ ಬಗ್ಗೆ ಉದ್ದದ ಭಾಷಣ. ಮಧ್ಯಾಹ್ನ ಫೋಟೊಗೆ ಅಂತ ಡಬ್ಬಿ ತೆರೆದರೆ ಒಂದೂ ಹಾರಲಿಲ್ಲ. ತಳದಲ್ಲಿ ಕರಿ ಎಳ್ಳು ಚೆಲ್ಲಿದ ಹಾಗೆ ಬಿದ್ದಿದ್ದವು. ಆದರೂ ಫೋಟೊ ಆಯಿತು. 'ವಿತರಿಸಲಾಗಿದೆ' ಅಂತ ರಿಜಿಸ್ಟರಿನಲ್ಲಿ ನನ್ನ ಸಹಿಯೂ ಆಯಿತು. ಲೆಕ್ಕದಲ್ಲಿ ನಮ್ಮೂರ ಹುಳ ಅವತ್ತೇ ಸತ್ತಿರಬೇಕು.

ಮತ್ತೆ ಕೇಳಲು ಹೋದರೆ, "ಸುಮ್ನೆ ಔಷಧಿ ಹೊಡೆಸಿ ಯಜಮಾನ್ರೇ" ಅಂದರು. ಕಂಡ ಕಂಡ ವಿಷ ಹೊಡೆದರೆ ತೋಟದಲ್ಲಿ ತಾನಾಗಿ ಇರುವ ಕಣಜಗಳೂ ಸಾಯುತ್ತವೆ ಅಂತ ಅದೇ ಕರಪತ್ರದ ಹಿಂಬದಿಯಲ್ಲಿದೆ. ಅವರು ಮುಂಬದಿಯನ್ನಾದರೂ ಓದಿದ್ದಾರೋ ಇಲ್ಲವೋ!

ಕಣಜದಿಂದ ಏನಾದೀತು ಅನ್ನುವವರೂ ಇದ್ದಾರೆ. 2010ರಲ್ಲಿ ಪಪ್ಪಾಯಿ, ಹಿಪ್ಪುನೇರಳೆಗೆ ಹಿಟ್ಟು ತಿಗಣೆ ಕಾಟ ಇದ್ದಾಗ ಬೆಂಗಳೂರು ಹೆಬ್ಬಾಳದ ಕೇಂದ್ರ ಕೀಟ ಸಂಸ್ಥೆ ಪೋರ್ಟೊರಿಕೋದಿಂದ ಕಣಜ ತರಿಸಿತು. ತಿಗಣೆ ಹತೋಟಿಗೆ ಬಂತು. ಅಷ್ಟು ದೂರದಿಂದ ಜೀವಂತ ಬರುವ ಕಣಜ, ನಮ್ಮ ಶಾಮಿಯಾನ ದಾಟಿ ತೋಟಕ್ಕೆ ಬರೋದಿಲ್ಲ.

ಸ್ವಾಮಿ, ಜೀವ ಇರುವ ಕಣಜ ಕೊಡಿ. ಹೊತ್ತಿಗೆ ಸರಿಯಾಗಿ ಕೊಡಿ, ನಾಲ್ಕು ಸಲವೂ ಕೊಡಿ. ಕಾರ್ಯಕ್ರಮ ಬೇಡ, ಶಾಲೂ ಬೇಡ. ಡಬ್ಬಿ ಯಾವತ್ತು ಸಿಗುತ್ತದೆ ಅಂತ ಒಂದು ಫೋನ್ ಮಾಡಿಸಿ, ಪ್ರಯೋಗಾಲಯದ ಬಾಗಿಲಿಗೆ ನಾವೇ ಬರುತ್ತೇವೆ. ಸಹಿ ಮಾತ್ರ ಈ ಸಲ ಡಬ್ಬಿ ತೆರೆದು ನೋಡಿದ ಮೇಲೆ.

ಇಂತಿ,
ಒಬ್ಬ ತೆಂಗು ಬೆಳೆಗಾರ