ವಸತಿ ಸಚಿವರಿಗೆ ಬಹಿರಂಗ ಪತ್ರ: ಮನೆ ಸರ್ವೆ ಆ್ಯಪನ್ನ ಮೊದ್ಲು ನೆಟ್‌ವರ್ಕ್ ಇಲ್ಲದ ಊರಲ್ಲಿ ಓಡಿಸಿ ನೋಡಿ

ಮಾನ್ಯ ವಸತಿ ಸಚಿವರೇ,

ನಮಸ್ಕಾರ. ನಾನು ಸಾಗರ ತಾಲೂಕಿನವನು, ಈಗ ಬೆಂಗಳೂರಲ್ಲಿ ಕೆಲಸ, ವೆಬ್ ಆ್ಯಪ್‌ಗಳನ್ನ ಸರ್ವರ್‌ಗೆ ಹಾಕಿ ಅವು ಕೆಟ್ಟು ನಿಲ್ಲದ ಹಾಗೆ ನೋಡ್ಕೊಳ್ಳೋದು ನನ್ನ ಹೊಟ್ಟೆಪಾಡು. ಮನೆ ಇಲ್ಲದವರ ಲೆಕ್ಕ ತಗೊಳ್ಳೋಕೆ ನಿಮ್ಮ ಇಲಾಖೆ ಮುಂದೆ ಯಾವ ಆ್ಯಪ್ ಮಾಡಿಸಿದ್ರೂ ಒಂದು ವಿಷಯದಲ್ಲಿ ಗಟ್ಟಿಯಾಗಿ ನಿಲ್ಲಿ ಅಂತ ಕೇಳೋಕೆ ಈ ಪತ್ರ ಬರೀತಾ ಇದ್ದೀನಿ. ಯಾರ ಮನೆ ಬಗ್ಗೆ ಬರ್ಕೊಂಡ್ರೋ ಅವರ ಕೈಗೆ, ಏನು ಬರ್ಕೊಂಡ್ವಿ ಅನ್ನೋದರ ಕನ್ನಡದ ಪ್ರಿಂಟ್ ಸಿಗೋ ತನಕ, ಅದ್ರಲ್ಲಿ ತಪ್ಪಿದ್ರೆ ತಿದ್ದಿಸೋ ದಾರಿ ಇರೋ ತನಕ, ಆ್ಯಪ್ ರೆಡಿ ಆಯ್ತು ಅಂತ ಯಾರು ಬಂದು ಹೇಳಿದ್ರೂ ದಯವಿಟ್ಟು ಒಪ್ಕೋಬೇಡಿ.

ಫಾರಂನಲ್ಲಿ ಒಂದು ಅಕ್ಷರ ಒತ್ತೋದ್ರಿಂದ ಏನಾಗುತ್ತೆ ಅನ್ನೋದನ್ನ 2019ರ ಪ್ರವಾಹದಲ್ಲಿ ಇಡೀ ರಾಜ್ಯ ನೋಡಿದೆ. ಬೆಳಗಾವಿ, ಬಾಗಲಕೋಟೆ ಕಡೆ ಬಿದ್ದ ಮನೆಗಳನ್ನ ಎಷ್ಟು ಹಾಳಾಗಿದೆ ಅನ್ನೋದರ ಮೇಲೆ ಎ, ಬಿ, ಸಿ ಅಂತ ವಿಂಗಡಿಸಿ ಎಂಟ್ರಿ ಮಾಡಿದ್ರು. ಎ ಅಂತ ಆದ್ರೆ ಪರಿಹಾರ 5 ಲಕ್ಷ, ಸಿ ಅಂತ ಆದ್ರೆ 50 ಸಾವಿರ. ಮಣ್ಣಿನ ಮಾಳಿಗೆ ಮನೆ ಇವತ್ತು ನಿಂತ ಹಾಗೆ ಕಾಣುತ್ತೆ, ನೀರು ಕುಡಿದ ಗೋಡೆ ಎಂಟು ದಿನ ಬಿಟ್ಟು ಕುಸಿಯುತ್ತೆ, ಅಷ್ಟೊತ್ತಿಗೆ ಎಂಟ್ರಿ ಆಗಿ ಹೋಗಿದ್ರೆ ಆ ಮನೆಯವರು ಯಾರ ಹತ್ರ ಹೋಗ್ಬೇಕು?

ಮನೆ ಹಂಚೋ ಯೋಜನೆಗಳಲ್ಲೂ ಇದೇ ಕಥೆ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಗೆ ಮೊದ್ಲು ತಗೊಂಡಿದ್ದು 2011ರ ಸಾಮಾಜಿಕ ಆರ್ಥಿಕ ಗಣತಿ ಪಟ್ಟಿ. ಅದ್ರಲ್ಲಿ ಬಿಟ್ಟು ಹೋದವರಿಗೆ ಅಂತ 2018ರಲ್ಲಿ ಆವಾಸ್ ಪ್ಲಸ್ ಸರ್ವೆ ಶುರುವಾಯ್ತು, ಅದ್ರಲ್ಲೂ ಬಿಟ್ಟು ಹೋದವರು 2024ರ ಆವಾಸ್ ಪ್ಲಸ್ ತನಕ ಕಾಯ್ಬೇಕಾಯ್ತು. ಹೊಸ ಸರ್ವೆಯಲ್ಲಿ ಒಳ್ಳೇದೂ ಆಗಿದೆ, ಬೈಕ್ ಇದ್ರೆ ಫ್ರಿಜ್ ಇದ್ರೆ ಮನೆ ಇಲ್ಲ ಅನ್ನೋದನ್ನ ತೆಗೆದ್ರು, ತಿಂಗಳ ಆದಾಯದ ಮಿತಿ 10,000 ಇದ್ದಿದ್ದು 15,000 ಆಯ್ತು, ಜನ ತಾವೇ ಫೋನಲ್ಲಿ ತುಂಬೋ ಅವಕಾಶನೂ ಕೊಟ್ರು. ಆದ್ರೆ ಒಂದು ಸರ್ವೆಯಲ್ಲಿ ಹೆಸರು ತಪ್ಪಿದ್ರೆ ಮುಂದಿನ ಸರ್ವೆಗೆ ಆರೇಳು ವರ್ಷ. ಅಷ್ಟು ಮಳೆಗಾಲ ಟಾರ್ಪಾಲಿನ ಕೆಳಗೆ ಕಳೀಬೇಕು ಒಂದು ಸಂಸಾರ.

ಈಗ ನಮ್ಮ ಕಡೆ ವಿಷಯ ಹೇಳ್ತೀನಿ. ಶರಾವತಿ ಹಿನ್ನೀರಿನ ಆಚೆ ಕರೂರು ಹೋಬಳಿ, ತುಮರಿ ಸುತ್ತಮುತ್ತ, 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಉದ್ಘಾಟನೆ ಆಗೋ ತನಕ ಹಿನ್ನೀರು ದಾಟಿಸೋ ಲಾಂಚ್ ನಂಬ್ಕೊಂಡೇ ಬದುಕಿದ ಜನ. ಮೊಬೈಲ್ ಸಿಗ್ನಲ್‌ಗೋಸ್ಕರ ಗುಡ್ಡ ಹತ್ತಿ ಹತ್ತಿ ಸಾಕಾಗಿ 'ನೋ ನೆಟ್‌ವರ್ಕ್ ನೋ ವೋಟಿಂಗ್' ಅಂತ ಶಿವಮೊಗ್ಗ ಜಿಲ್ಲೆಯಲ್ಲಿ ಅಭಿಯಾನವೇ ನಡೀತು. ಇಂಥ ಕಡೆ ಸರ್ವೆಗೆ ಹೋಗೋ ಹೆಣ್ಣುಮಗಳೊಬ್ರು ಹೇಗೆ ಕೆಲಸ ಮಾಡ್ತಾರೆ ಅಂತ ನಾನು ಹತ್ರದಿಂದ ನೋಡಿದ್ದೀನಿ, ಯಾವ ಪಂಚಾಯ್ತಿ ಯಾವ ಸರ್ವೆ ಅಂತ ಹೇಳೋದು ಬೇಡ. ಮನೆ ಮುಂದೆ ನಿಂತು ಫೋಟೊ ತೆಗೀತಾರೆ, ಅಪ್‌ಲೋಡ್ ಚಕ್ರ ತಿರುಗ್ತಾ ಇರುತ್ತೆ, ಕೈ ಮೇಲೆತ್ತಿ ಅಂಗಳದ ತುದಿಗೆ ಹೋಗ್ತಾರೆ, ಅಡಿಕೆ ತೋಟದ ಒಳಗಿಂದ ದರೆ ಹತ್ತಿ ನಿಂತ್ಕೊತಾರೆ, ಅಷ್ಟರಲ್ಲಿ ಸೆಷನ್ ಮುಗೀತು ಮತ್ತೆ ಲಾಗಿನ್ ಆಗಿ ಅಂತ ಬರುತ್ತೆ, ಲಾಗಿನ್‌ಗೆ ಓಟಿಪಿ ಬೇಕು, ಓಟಿಪಿ ಬರೋಕೂ ಸಿಗ್ನಲ್ ಬೇಕು. ಕೊನೆಗೆ ಒಂದು ನೂರು ಪೇಜಿನ ನೋಟ್‌ಬುಕ್‌ನಲ್ಲಿ ಎಲ್ಲ ಬರ್ಕೊಂಡು ರಾತ್ರಿ ಮನೆಗೆ ಹೋಗಿ, ಅಡಿಗೆ ಮುಗಿಸಿ, ಒಂದೊಂದೇ ಮನೆ ಆ್ಯಪ್‌ಗೆ ಹಾಕ್ತಾರೆ. ಆ ಆ್ಯಪು ಜಿಪಿಎಸ್ ತಗೊಳ್ಳೋದು ಸಬ್ಮಿಟ್ ಒತ್ತಿದಾಗ. ಹಂಗಾಗಿ ಅವತ್ತು ನೋಡಿದ ಮನೆಗಳೆಲ್ಲ ಮ್ಯಾಪಲ್ಲಿ ಆ ಹೆಣ್ಣುಮಗಳ ಮನೆ ಮೇಲೇ ಬಂದು ಕೂರುತ್ತೆ. ಆಮೇಲೆ ಮೇಲಿನ ಆಫೀಸಲ್ಲಿ ಕೂತು ನೋಡಿದವರಿಗೆ ಅದು ಬೋಗಸ್ ಎಂಟ್ರಿ ತರ ಕಾಣ್ಸುತ್ತೆ. ಬೈಸ್ಕೊಳ್ಳೋದು ಅವರು, ಮನೆ ಕಳ್ಕೊಳ್ಳೋದು ಬಡವರು, ಆದ್ರೆ ತಪ್ಪು ಇರೋದು ಆ್ಯಪ್ ಮಾಡಿದ ರೀತೀಲಿ.

ಇದಕ್ಕೆ ಪರಿಹಾರ ಏನೂ ದೊಡ್ಡ ವಿಜ್ಞಾನ ಅಲ್ಲ. ಇಂಟರ್ನೆಟ್ ಇಲ್ಲದಾಗಲೂ ಫಾರಂ ತುಂಬಿ ಫೋನಲ್ಲೇ ಇಟ್ಕೊಂಡು ಸಿಗ್ನಲ್ ಸಿಕ್ಕಾಗ ಕಳ್ಸೋ ವ್ಯವಸ್ಥೆ ಎಷ್ಟೋ ವರ್ಷದಿಂದ ಇದೆ, ಓಡಿಕೆ (ODK), ಕೋಬೋ (Kobo) ತರದ ಓಪನ್ ಸೋರ್ಸ್, ಅಂದ್ರೆ ಕೋಡ್ ಎಲ್ಲರಿಗೂ ತೆರೆದಿರೋ, ಟೂಲುಗಳನ್ನ ಜಗತ್ತಿನಾದ್ಯಂತ ಸರ್ವೆಗೆ ಬಳಸ್ತಾರೆ. ಕಾಂಟ್ರಾಕ್ಟ್ ಕೊಡುವಾಗಲೇ ಬರೆಸಿ: ಜಾಗ, ಟೈಮು ಎರಡೂ ಫೋಟೊ ತೆಗೆದ ಕ್ಷಣಕ್ಕೆ ದಾಖಲಾಗ್ಬೇಕು. ಫೋನಲ್ಲೇ ಪ್ರತಿ ಮನೆಗೂ ಒಂದು ನಂಬರ್ ಹುಟ್ಬೇಕು, ಆಗ ಸಿಗ್ನಲ್ ಹೋಗಿ ಬಂದು ಅದೇ ಫಾರಂ ಮತ್ತೆ ಹೋದ್ರೂ ಸರ್ವರ್ ಅದನ್ನ ಒಂದೇ ಮನೆ ಅಂತ ಗುರುತಿಸುತ್ತೆ, ಡೂಪ್ಲಿಕೇಟ್ ಅಂತ ಎರಡನ್ನೂ ಎಸೆಯಲ್ಲ. ಇನ್ನೊಂದು, ಸರ್ವರ್ ತಡ್ಕೊಳ್ಳುತ್ತಾ ಅಂತ ಟೆಸ್ಟ್ ಮಾಡೋವಾಗ ದಿನದ ಲೆಕ್ಕನ 24 ಗಂಟೆಗೆ ಸಮವಾಗಿ ಹಂಚಿ ನೋಡ್ಬೇಡಿ. ಹಳ್ಳಿ ಸುತ್ತಿ ಬಂದವರೆಲ್ಲ ಕಳ್ಸೋದು ಸಂಜೆ ಹೊತ್ತು, ಎಲ್ಲ ಜಿಲ್ಲೆಯವರೂ ಒಟ್ಟಿಗೆ, ಅದ್ರಲ್ಲೂ ಕೊನೇ ದಿನ ಹತ್ರ ಬಂದಾಗ ಇನ್ನೂ ಜಾಸ್ತಿ. ಆ ಹೊತ್ತಿನ ಭಾರ ಹೊರೋ ಹಾಗೆ ಸರ್ವರ್ ಇಲ್ಲಾಂದ್ರೆ ಅದು ಇದ್ದೂ ಇಲ್ಲದ ಹಾಗೆ. 2025ರ ಸೆಪ್ಟೆಂಬರ್ 22ಕ್ಕೆ ಶುರುವಾದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಯಲ್ಲಿ ಮೊದಲ ದಿನಗಳು ಆ್ಯಪ್, ಸರ್ವರ್ ಕೈಕೊಟ್ಟು ಮನೆ ಮನೆಗೆ ಹೋದ ಮೇಷ್ಟ್ರುಗಳಿಗೆ ಎಷ್ಟು ಕಷ್ಟ ಆಯ್ತು ಅಂತ ಪೇಪರಲ್ಲಿ ಎಲ್ಲರೂ ಓದಿದ್ದೇವೆ, ಅಕ್ಟೋಬರ್ 7ಕ್ಕೆ ಮುಗೀಬೇಕಿದ್ದು ಮುಂದಕ್ಕೆ ಹೋಯ್ತು. ಆದ್ರೆ ಕರೆಂಟ್ ಮೀಟರ್ ಹಿಡ್ಕೊಂಡು ಮನೆ ಗುರುತಿಸಿ ಸ್ಟಿಕ್ಕರ್ ಹಚ್ಚಿದ್ದು ನನ್ನ ಪ್ರಕಾರ ಒಳ್ಳೇ ಯೋಚನೆ, ಪಂಚಾಯ್ತಿ ಖಾತೆ ಇಲ್ಲದ ಮನೆಗೂ ಎಷ್ಟೋ ಕಡೆ ಮೀಟರ್ ಇರುತ್ತೆ.

ಖಾತೆ ಅಂದ್ನಲ್ಲ, ಅಲ್ಲೇ ಇರೋದು ದೊಡ್ಡ ನೋವು. 1964ರಲ್ಲಿ ಲಿಂಗನಮಕ್ಕಿ ಡ್ಯಾಮ್ ಮುಗೀತು, ಊರು ಮುಳುಗಿಸ್ಕೊಂಡು ಎದ್ದು ಬಂದವರ ಮಕ್ಕಳು ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕೆ ಅಲೀತಾ ಇದ್ದಾರೆ. ಅವರ ಮನೆಗೆ ಇ-ಸ್ವತ್ತು ನಂಬರ್ (ಪಂಚಾಯ್ತಿ ಆಸ್ತಿಯ ಕಂಪ್ಯೂಟರ್ ದಾಖಲೆ ನಂಬರ್) ಎಲ್ಲಿಂದ ಬರುತ್ತೆ? ಆ ಕಾಲಂಗೆ ಕೆಂಪು ಸ್ಟಾರ್ ಹಾಕಿ ಕಡ್ಡಾಯ ಮಾಡಿದ್ರೆ ಸರ್ವೆಯವರು ಒಂದೋ ಆ ಮನೆ ಬಿಟ್ಟು ಹೋಗ್ತಾರೆ, ಇಲ್ಲ ಸೊನ್ನೆ ಸೊನ್ನೆ ಹೊಡೆದು ಮುಂದಕ್ಕೆ ಹೋಗ್ತಾರೆ. ತಾಂಡಾ, ಹಟ್ಟಿ, ಗೊಲ್ಲರಹಟ್ಟಿಗಳಲ್ಲೂ ಇದೇ ಪಾಡಿತ್ತು, ಅವುಗಳನ್ನ ಕಂದಾಯ ಗ್ರಾಮ ಮಾಡಿ 2025ರ ಮೇ ತಿಂಗಳಲ್ಲಿ ಹೊಸಪೇಟೆಯಲ್ಲಿ 1,11,111 ಹಕ್ಕುಪತ್ರ ಕೊಟ್ರಿ, ಸಂತೋಷ. ಉಳಿದವರಿಗೆ ಆ್ಯಪಲ್ಲಿ 'ದಾಖಲೆ ಇನ್ನೂ ಸಿಕ್ಕಿಲ್ಲ' ಅಂತ ಒಂದು ಗೌರವದ ಉತ್ತರ ಇಡಿ. ಗೋಡೆ, ಮಾಡಿನ ವಿಷಯನೂ ಅಷ್ಟೆ. ಅರ್ಧ ಜಂಬಿಟ್ಟಿಗೆ ಅರ್ಧ ಮಣ್ಣಿನ ಗೋಡೆ, ಮುಂದಿನ ಜಗುಲಿಗೆ ಹೆಂಚು, ಹಿಂದೆ ಸೋಗೆ, ಮೇಲೆ ನೀಲಿ ಟಾರ್ಪಾಲು, ಇದು ಒಂದೇ ಮನೆ. ಒಂದೇ ಟಿಕ್ ಹಾಕೋಕೆ ಬಿಟ್ರೆ ಮುಂದುಗಡೆ ಹೆಂಚು ನೋಡಿ 'ಪಕ್ಕಾ' ಅಂತ ಬೀಳುತ್ತೆ.

ಪ್ರಿಂಟ್ ಕೊಡಿ ಅಂತ ಕೇಳ್ತಾ ಇರೋದು ಇದಕ್ಕೇ. ಇದೇ ರಾಜ್ಯ ಭೂಮಿ ಯೋಜನೆಯಲ್ಲಿ ಕೈಬರಹದ ಪಹಣಿಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿದ್ದು. ಎಂಟ್ರಿ ಆದ್ಮೇಲೆ ಪ್ರಿಂಟ್ ತೆಗೆದು ಗ್ರಾಮ ಲೆಕ್ಕಿಗರ ಹತ್ರ ಹಳೇ ಪುಸ್ತಕಕ್ಕೆ ತಾಳೆ ನೋಡಿಸಿದ್ರು, ರೈತ 15 ರೂಪಾಯಿ ಕೊಟ್ಟು ತಾಲೂಕು ಆಫೀಸಲ್ಲಿ ತನ್ನ ಪಹಣಿ ತಾನೇ ಓದೋ ಹಾಗಾಯ್ತು, ತಪ್ಪಿದ್ರೆ ಅರ್ಜಿ ಹಾಕೋಕೆ ಕೈಯಲ್ಲಿ ಒಂದು ಕಾಗದ ಇತ್ತು. ಮನೆ ಇಲ್ಲದವರಿಗೂ ಅಷ್ಟೇ ಮರ್ಯಾದೆ ಕೊಡಿ. ಎಷ್ಟು ಕೋಣೆ ಬರ್ದಿದೆ, ಗೋಡೆ ಏನು ಬರ್ದಿದೆ, ಆದಾಯ ಎಷ್ಟು ಬರ್ದಿದೆ, ಒಂದೇ ಪುಟ ಸಾಕು. ಓದೋಕೆ ಬರದವರಿಗೆ ಗ್ರಾಮಸಭೆಯಲ್ಲಿ ಓದಿ ಹೇಳಿ. ಅಂತಿಮ ಪಟ್ಟಿ ಮಾತ್ರ ಓದಿದ್ರೆ ಸಾಲದು, ಯಾರ ಹೆಸರು ಯಾವ ಕಾರಣಕ್ಕೆ ಬಿಟ್ಟಿದ್ದೀವಿ ಅನ್ನೋದನ್ನೂ ಹೇಳ್ಬೇಕು, ಆದ್ರೆ ಆಧಾರ್ ನಂಬರು, ಪಾಸ್‌ಬುಕ್ಕು ಯಾರ ಕಣ್ಣಿಗೂ ಬೀಳ್ಬಾರದು. ಈಗ ಆ್ಯಪಲ್ಲಿ ಅಪ್‌ಲೋಡ್ ಆಗಲ್ಲ ಅಂದ್ರೆ ಆಧಾರ್ ಫೋಟೊ ಸೀದಾ ವಾಟ್ಸಾಪ್ ಗ್ರೂಪಿಗೆ ಹೋಗುತ್ತೆ, 2023ರಲ್ಲಿ ಡೇಟಾ ರಕ್ಷಣೆ ಕಾಯ್ದೆ ಬಂದ ಮೇಲೂ ಹೀಗೆ ನಡೀಬಾರದು.

ಸಚಿವರೇ, ನಿಮ್ಮ ಅಧಿಕಾರಿಗಳು ಟ್ರಯಲ್‌ಗೆ ಬೆಂಗಳೂರು ಗ್ರಾಮಾಂತರದ ಯಾವುದೋ ಪಂಚಾಯ್ತಿ ತೋರಿಸ್ಬಹುದು, ಹೋಗಿ ಬರೋಕೆ ಸುಲಭ. ದಯವಿಟ್ಟು ಮೊದಲ ಟ್ರಯಲ್ ಕರೂರು ಹೋಬಳಿಯಲ್ಲಿ ಇಡಿ, ಎರಡನೇದು ಹಳೇ ಮಾಳಿಗೆ ಮನೆಗಳಿರೋ ಕೃಷ್ಣಾ ತೀರದ ಊರಲ್ಲಿ. ಕೋಡ್ ಬರೆದವರು ಸರ್ವೆ ಮಾಡೋರ ಜೊತೆ ಇಡೀ ದಿನ ನಡೀಲಿ, ಅವರ ಹತ್ರ ಇರೋ ಅಗ್ಗದ ಫೋನಲ್ಲೇ ಆ್ಯಪ್ ಓಡಿಸ್ಲಿ. ಅಲ್ಲಿ ಏನು ಸಿಕ್ತು, ಏನು ತಿದ್ದಿದ್ರಿ ಅನ್ನೋ ವರದಿನ ಸರ್ವೆ ಶುರು ಮಾಡೋ ಮೊದ್ಲೇ ಇಲಾಖೆ ವೆಬ್‌ಸೈಟಲ್ಲಿ ಕನ್ನಡದಲ್ಲಿ ಹಾಕಿ. ಟ್ರಯಲ್ ಯಾವ ತಿಂಗಳು ಅಂತ ತಿಳಿಸಿದ್ರೆ ನಾನೂ ರಜೆ ಹಾಕಿ ಊರಿಗೆ ಬಂದು ಕೈಜೋಡಿಸ್ತೀನಿ, ನನ್ನ ತರ ಈ ಕೆಲಸ ಗೊತ್ತಿರೋ ಹುಡುಗ್ರು ಹುಡುಗೀರು ನಮ್ಮ ಕಡೆಯವರೇ ಬೆಂಗಳೂರಲ್ಲಿ ಬೇಕಾದಷ್ಟು ಜನ ಇದ್ದಾರೆ, ಕರೆದ್ರೆ ಬರ್ತಾರೆ.

ಇಂತಿ ನಿಮ್ಮ ವಿಶ್ವಾಸಿ,
ಸಾಗರ ತಾಲೂಕಿನ ಒಬ್ಬ ಮತದಾರ