ಸೆನ್ಸರ್ ಜಾಗದಲ್ಲಿ ಬೋಲ್ಟು

ಸಂಪಾದಕರೇ,

ಉದ್ಯಮಬಾಗದಲ್ಲಿ ನನ್ನದೊಂದು ಸಣ್ಣ ಗ್ಯಾರೇಜ್ ಇದೆ. ದಸರಾ ಮುಗಿದ ಮೇಲೆ ಒಂದು ಪೋರ್ಷೆ ಬಾಕ್ಸ್‌ಸ್ಟರ್ ಬಂತು. ಎರಡೇ ಸೀಟು, ಮೂರು ಕೈ ದಾಟಿ ಬಂದ ಗಾಡಿ. ಇಂಥದ್ದು ನನ್ನ ಶೆಡ್ಡಿಗೆ ಬರುವುದೇ ಅಪರೂಪ. ಕೊಂಡ ಹುಡುಗ ಚೋರ್ಲಾ ಘಾಟಿನಲ್ಲಿ ಗೋವಾಕ್ಕೆ ಹೋಗಿ ಬಂದಿದ್ದ. "ಕಾಕಾ, ಪೆಟ್ರೋಲ್ ನೀರು ಕುಡದಂಗ ಕುಡಿಯಾಕತ್ತೈತ್ರಿ. ಹಿಂದ ಕೊಳತ ತತ್ತಿ ವಾಸನಿ ಬೇರೆ" ಅಂದ.

ಮೀಟರಿನ ಮೂಲೆಯಲ್ಲಿ ಕರಿ ಟೇಪಿನ ತುಂಡು ಅಂಟಿಸಿತ್ತು. ಕಿತ್ತರೆ ಅಡಿಯಲ್ಲಿ ಚೆಕ್ ಎಂಜಿನ್ ಲೈಟು ಉರಿಯುತ್ತಿದೆ! ಗಾಡಿ ಎತ್ತಿ ನೋಡಿದೆ. ಎಡಗಡೆ ಹೊಗೆ ಪೈಪಿನಲ್ಲಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗಿಂತ (ನಾವು ಕ್ಯಾಟ್ ಅನ್ನುತ್ತೇವೆ) ಮುಂಚೆ, ಆಕ್ಸಿಜನ್ ಸೆನ್ಸರ್ ಇರಬೇಕಾದ ತೂತಿಗೆ ಬೋಲ್ಟು ಜಡಿದಿದ್ದರು. ಬಿಚ್ಚಿ ಅಳೆದೆ. 18 ಮಿ.ಮೀ. ದಪ್ಪ, ಒಂದೂವರೆ ಮಿ.ಮೀ. ಥ್ರೆಡ್, ಸೆನ್ಸರಿನದೇ ಅಳತೆ. ನಮ್ಮೂರಿನ ಲೇಥಿನಲ್ಲೇ ಮಾಡಿಸಿದ್ದಿರಬೇಕು. ಸುಳ್ಳು ಯಾಕೆ ಹೇಳಲಿ, ಕೆಲಸ ಮಾತ್ರ ಚೊಕ್ಕ. ಸೆನ್ಸರಿನ ವೈರನ್ನು ಕಪ್ಲರ್ (ವೈರು ಜೋಡಿಸುವ ಪ್ಲಗ್ಗು) ಹತ್ತಿರ ಕತ್ತರಿಸಿ ಬಿಟ್ಟಿದ್ದರು.

ಆರು ಸ್ಪಾರ್ಕ್ ಪ್ಲಗ್ ತೆಗೆದು ಬಟ್ಟೆಯ ಮೇಲೆ ಸಾಲಾಗಿ ಇಟ್ಟೆ. ಬಲಗಡೆಯ ಮೂರು ಬಿಸ್ಕತ್ತಿನ ಬಣ್ಣ. ಎಡಗಡೆಯ ಮೂರೂ ರೊಟ್ಟಿ ಹಂಚಿನ ತಳದ ಹಾಗೆ ಮಸಿ. ಹುಡುಗ ಒಂದನ್ನು ಮುಟ್ಟಿ ನೋಡಿ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ. ಹಿಂದಿನ ಮಾಲೀಕರು ಯಾರದೋ ಮಾತು ಕೇಳಿ ಸೆನ್ಸರ್ ತೆಗೆಸಿದ್ದರಂತೆ, ಪಿಕಪ್ ಜಾಸ್ತಿ ಆಗುತ್ತದೆ ಅಂತ.

ಆಗುವುದಿಲ್ಲ. ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಅಂತ ನೋಡಿ ಎಂಜಿನ್ ಕಂಪ್ಯೂಟರಿಗೆ ಹೇಳುವುದು ಈ ಸೆನ್ಸರ್ ಕೆಲಸ. ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ, ತೂಕದ ಲೆಕ್ಕದಲ್ಲಿ. ಆ ಅಳತೆ ಹೆಚ್ಚು ಕಡಿಮೆ ಆದರೆ ಕಂಪ್ಯೂಟರ್ ತಿದ್ದುತ್ತದೆ. ಸೆನ್ಸರ್ ಇಲ್ಲದಿದ್ದರೆ ಅದು ಅಂದಾಜಿನ ಮೇಲೆ, ಹೆಚ್ಚಾಗಿ ಜಾಸ್ತಿಯೇ, ಪೆಟ್ರೋಲ್ ಬಿಡುತ್ತದೆ. ಎಡಗಡೆ ಪ್ಲಗ್ ಮಸಿಯಾದದ್ದು ಅದಕ್ಕೇ. ಸುಡದೆ ಉಳಿದ ಪೆಟ್ರೋಲ್ ಕ್ಯಾಟ್ ಒಳಗೆ ಹೋಗಿ ಉರಿಯುತ್ತದೆ. ಒಳಗಿನ ಜೇನುಗೂಡಿನಂಥ ಜಾಲರಿ ಕರಗಿತೋ, ಸೆನ್ಸರಿಗಿಂತ ಎಷ್ಟೋ ಪಟ್ಟು ಖರ್ಚು.

ಕಪ್ಲರ್ ಬಿಚ್ಚುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ನಾನೂ ಬಿಚ್ಚುತ್ತೇನೆ. ಬಿಚ್ಚಿದಾಗ ಎಂಜಿನ್ ಸುಧಾರಿಸಿದರೆ ಸೆನ್ಸರ್ ಮೇಲೆ ಅನುಮಾನ ಪಡಬೇಕು, ಅಷ್ಟೇ. ಅದು ಪರೀಕ್ಷೆ, ರಿಪೇರಿ ಅಲ್ವಲ್ಲ. ಹಾಳಾಗಿದ್ದರೆ ಹೊಸದು ಹಾಕಲು ತೆಗೆಯಬೇಕು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಬೆಳಿಗ್ಗೆ ಎಂಜಿನ್ ಸ್ವಲ್ಪ ಬೆಚ್ಚಗೆ ಮಾಡಿ, ವೈರಿಗೆ ಸೀಳು ಇರುವ 22 ನಂಬರ್ ಸಾಕೆಟ್ ಹಾಕಿ. ವೈರು ಹಿಡಿದು ಎಳೆಯಬೇಡಿ. ಅವಸರ ಮಾಡಿದರೆ ಪೈಪಿನ ಥ್ರೆಡ್ ಕಿತ್ತು ಬರುತ್ತದೆ. ಒಮ್ಮೆ ನನಗೇ ಹಾಗಾಗಿದೆ, ಗಿರಾಕಿಗೆ ಕೈಯಿಂದ ದುಡ್ಡು ಕಟ್ಟಿ ಕೊಟ್ಟೆ.

ನಾನು ಪತ್ರ ಬರೆಯಲು ಕಾರಣ ಬೇರೆ. ಆ ಕಾರಿನ ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಹೊಗೆ ತಪಾಸಣೆ ಚೀಟಿ ಇತ್ತು. ಹನ್ನೊಂದು ದಿನದ ಹಿಂದಿನದು, ಪಾಸ್! ಬಿಎಸ್-4 (ಭಾರತ್ ಸ್ಟೇಜ್ ಹೊಗೆ ಮಾನದಂಡ) ಪೆಟ್ರೋಲ್ ಕಾರಿಗೆ, ನಿಂತಲ್ಲೇ ಎಂಜಿನ್ ಓಡುವ ಐಡ್ಲಿಂಗ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇ 0.3 ದಾಟಬಾರದು ಅಂತ ನಿಯಮ. ಮೂರು ಪ್ಲಗ್ ಮಸಿಯಾದ ಎಂಜಿನ್ ಆ ತಪಾಸಣೆಯಲ್ಲಿ ಹೇಗೆ ಪಾಸಾಯಿತು? ಹುಡುಗನನ್ನು ಕೇಳಿದೆ. "ನಂಬರ್ ಪ್ಲೇಟಿಂದು ಫೋಟೋ ಹೊಡದ್ರು, ರೊಕ್ಕ ತಗೊಂಡ್ರು" ಅಂದ. ಸೈಲೆನ್ಸರಿಗೆ ನಳಿಕೆ ಹಾಕಲೇ ಇಲ್ಲವಂತೆ. ಸಾರಿಗೆ ಇಲಾಖೆಯವರು ಒಂದು ದಿನ ಸುಮ್ನೆ ಗಿರಾಕಿಯಂತೆ ಇಂಥ ಕೇಂದ್ರಕ್ಕೆ ಹೋಗಿ ನಿಂತು ನೋಡಲಿ.

ಹೊಸ ಸೆನ್ಸರ್ ತರಿಸಿ ಹಾಕಿದ್ದೇನೆ. ಬೋಲ್ಟು ನನ್ನ ಟೇಬಲ್ ಮೇಲಿದೆ. ಮಾಡಿದವರು ಬಂದು ಒಯ್ಯಬಹುದು.

– ಒಬ್ಬ ಮೆಕ್ಯಾನಿಕ್, ಉದ್ಯಮಬಾಗ, ಬೆಳಗಾವಿ