ದೊಡ್ಡ ಗೊರಕೆಗೊಂದು ಚುಟುಕ

ಸಂಪಾದಕರೇ,

ನಮ್ಮ ಕೊಡಗಿನ ಕಕ್ಕಡ ತಿಂಗಳ ಮಳೆಗೆ ಕರೆಂಟ್ ಹೋದರೆ ನಾನು ಹಳೆಯ ಅಟ್ಲಾಸ್ ಬಿಡಿಸಿ ಬ್ರಿಟನ್ನಿನ ಊರುಗಳ ಮೇಲೆ ಚುಟುಕ ಹೊಸೆಯುತ್ತೇನೆ. ನಾರ್ಫೋಕ್‌ನಲ್ಲಿ ಗ್ರೇಟ್ ಸ್ನೋರಿಂಗ್, ಅಂದರೆ ದೊಡ್ಡ ಗೊರಕೆ, ಎಂಬ ಹಳ್ಳಿಯಿದೆ. ಪಕ್ಕದ ಲಿಟಲ್ ಸ್ನೋರಿಂಗ್ ಅದಕ್ಕಿಂತ ದೊಡ್ಡದು!

ದೊಡ್ಡ ಗೊರಕೆ ಸಣ್ಣ ಊರು,
ಸಣ್ಣ ಗೊರಕೆ ದೊಡ್ಡದು;
ನಮ್ಮ ಮನೆಯ ಯಜಮಾನರದು
ಎರಡೂ ಊರಿಗೆ ಸಾಲ್ವುದು.

(ಹೆಸರಿಗೂ ನಿದ್ದೆಗೂ ಸಂಬಂಧವಿಲ್ಲವಂತೆ, ಸ್ನಿಯರ್ ಎಂಬ ಹಳೆಯ ಕಾಲದವನೊಬ್ಬನಿಂದ ಬಂದದ್ದು. ಚುಟುಕಕ್ಕೆ ಅದೆಲ್ಲ ಬೇಡ.)

ಉಣ್ಣುವವರ ಬಾಯನ್ನೇ ಆಸೆಯಿಂದ ನೋಡುವುದಕ್ಕೆ ಇಂಗ್ಲಿಷಿನಲ್ಲಿ ‘ಗ್ರೋಕ್’ ಎಂಬ ಮರೆತ ಪದವಿದೆ. ಕಡಂಬುಟ್ಟು (ಅಕ್ಕಿಯ ಕಡುಬು) ಬಡಿಸಿದೊಡನೆ ನಮ್ಮ ನಾಯಿ ಬಾಗಿಲಲ್ಲಿ ಕುಳಿತು ಮಾಡುವುದು ಅದನ್ನೇ. ಕನ್ನಡದಲ್ಲಿ ಇದಕ್ಕೆ ಒಂದೇ ಪದವಿದ್ದರೆ ಓದುಗರು ತಿಳಿಸಲಿ. ಮುಂದಿನ ಚುಟುಕ ಅಲ್ಲಿಗೇ ನಿಂತಿದೆ.

– ನಿವೃತ್ತ ಶಿಕ್ಷಕಿ, ವಿರಾಜಪೇಟೆ